ಮುಂದಣ ಹಾಯಿಯನ್ನು ಕಿರಿದುಗೊಳಿಸುವ ಹಗ್ಗ: ಆಯ್ಕೆ ಮತ್ತು ಜೋಡಣೆ

ಹಾಯಿದೋಣಿಯನ್ನು ಹೊಸದಾಗಿ ಕೊಂಡವರಲ್ಲಿ ಬಹುಮಂದಿ ಮೊದಲನೆಯ ವರ್ಷದೊಳಗೇ ಅನುಭವಿಸುವ ಸಂಕಟವೊಂದುಂಟು. ಮಧ್ಯಾಹ್ನ ತಿರುಗಿದ ಮೇಲೆ ಗಾಳಿ ಬಲಗೊಂಡು, ದೋಣಿ ಒಂದು ಮಗ್ಗುಲಿಗೆ ವಾಲಿ, ಚುಕ್ಕಾಣಿಯ ಹಿಡಿ ಕೈಗೆ ಭಾರವಾಗತೊಡಗಿದಾಗ, ಮುಂದಣ ಹಾಯಿಯನ್ನು ಅರ್ಧದಷ್ಟು ಸುತ್ತಿ ಕಿರಿದುಗೊಳಿಸಬೇಕೆಂದು ಅವರು ಕಾಕ್‌ಪಿಟ್ಟಿನಲ್ಲಿ ಕುಳಿತೇ ಹಗ್ಗವನ್ನೆಳೆಯುತ್ತಾರೆ. ಹಗ್ಗ ನಾಲ್ಕು ಮೊಳ ಬಂದು ಅಲ್ಲಿಗೇ ಕಚ್ಚಿಕೊಳ್ಳುತ್ತದೆ. ಸಡಿಲಬಿಟ್ಟರೆ ಹಾಯಿ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಬಲವಂತವಾಗಿ ಎಳೆದರೆ ಏನೋ ಮುರಿಯುವ ಸದ್ದು ಕೇಳುತ್ತದೆ. ಆಗ ಯಾರಾದರೊಬ್ಬರು ಅಲೆಗಳ ಮೇಲೆ ಏಳುತ್ತ ಬೀಳುತ್ತ ಇರುವ ಮುಮ್ಮೊನೆಗೆ ತೆವಳಿಕೊಂಡು ಹೋಗಬೇಕಾಗುತ್ತದೆ. ಯಾವ ಸ್ಥಳಕ್ಕೆ ಯಾರೂ ಹೋಗಬೇಕಾಗದಿರಲೆಂದು ಈ ಸಾಧನವನ್ನು ನಿರ್ಮಿಸಿದರೋ ಅದೇ ಸ್ಥಳಕ್ಕೆ, ಹೋಗಬಾರದ ಹೊತ್ತಿನಲ್ಲಿ. ದೂರು ಸಾಮಾನ್ಯವಾಗಿ ಯಂತ್ರದ ಮೇಲೆ ಬೀಳುತ್ತದೆಯಾದರೂ, ಪರೀಕ್ಷಿಸಿ ನೋಡಿದಾಗ ದೋಷ ಬಹುಮಟ್ಟಿಗೆ ಹಗ್ಗದ ಜಾತಿಯಲ್ಲಿಯೋ ಗಾತ್ರದಲ್ಲಿಯೋ ಅದು ಡ್ರಮ್ಮನ್ನು ಸೇರುವ ಕೋನದಲ್ಲಿಯೋ ಕಂಡುಬರುತ್ತದೆ.

ಶಿಕಾರಿಪುರ, ಸೊರಬಗಳ ನಡುವಣ ಈ ಒಳನಾಡಿನಿಂದ ಸಮುದ್ರದ ಹಾಯಿಗಳ ವಿಚಾರವನ್ನು ಬರೆಯುವುದು ಕೆಲವರಿಗೆ ವಿನೋದವಾಗಿ ತೋರೀತು. ಇಲ್ಲಿಯ ಅಂಬ್ಲಿಗೊಳದ ಜಲಾಶಯ ಹೊಲಗದ್ದೆಗಳಿಗೆ ನೀರೂಡಿಸುವುದಕ್ಕೆ ಹುಟ್ಟಿದ್ದು. ಮಲೆನಾಡಿನ ಇಂಥ ನೀರುಗಳ ಮೇಲೆ ಮೀನುಗಾರರ ಹರಿಗೋಲು ಕಂಡೀತೇ ಹೊರತು ಹಾಯಿ ಕಾಣದು. ಆದರೂ ಆಷಾಢದ ದಿನಗಳಲ್ಲಿ ಏರಿಯ ಮೇಲೆ ನಿಂತು ನೋಡುವವರಿಗೆ ಗಾಳಿಯ ಸ್ವಭಾವ ಇಲ್ಲಿ ಪುಸ್ತಕಕ್ಕಿಂತ ಸ್ಪಷ್ಟವಾಗಿ ಗೋಚರಿಸುತ್ತದೆ: ಪಶ್ಚಿಮದ ಗುಡ್ಡಗಳನ್ನು ದಾಟಿ ಬರುವ ಮಾರುತವು ಸಮನಾಗಿ ಬೀಸದೆ, ನೀರಿನ ಮೈಯನ್ನು ಅಲ್ಲಲ್ಲಿ ಕಪ್ಪಾಗಿಸುತ್ತ, ರಭಸದ ತುಂಡುತುಂಡುಗಳಾಗಿ ಓಡಿಬರುತ್ತದೆ, ಆ ಕಪ್ಪು ದಡವನ್ನು ಮುಟ್ಟುವ ಮೊದಲೇ ಅದರ ಆಗಮನವನ್ನು ಕಣ್ಣು ತಿಳಿಯಬಲ್ಲದು. ಹಾಯಿಯನ್ನು ಯಾವಾಗ ಕಿರಿದುಗೊಳಿಸಬೇಕೆಂಬ ನಿರ್ಣಯಕ್ಕೆ ಬೇಕಾದ ಪ್ರಥಮ ವಿದ್ಯೆ ಇದೇ ಆದಕಾರಣ, ಕೆರೆಯ ದಡದವನಿಗೆ ಈ ವಿಷಯದಲ್ಲಿ ಅಧಿಕಾರವೇ ಇಲ್ಲವೆಂದು ಹೇಳಲಾಗದು.

ನಮ್ಮ ನಾಡಿನಲ್ಲಿ ಹಾಯಿಯ ಅಭ್ಯಾಸ ನಡೆಯುವುದು ಹೆಚ್ಚಾಗಿ ಸಿಹಿನೀರಿನಲ್ಲಿ. ಬೆಂಗಳೂರಿನ ಹಲಸೂರು ಕೆರೆಯಲ್ಲಿ ಮದ್ರಾಸ್ ಇಂಜಿನಿಯರ್ ಗ್ರೂಪಿನ ಸೈನಿಕರೂ, ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಸ್ಪರ್ಧಾಳುಗಳೂ ಹಾಯಿಸುವ ಆಪ್ಟಿಮಿಸ್ಟ್, ಲೇಸರ್ ಮೊದಲಾದ ಕಿರುದೋಣಿಗಳಿಗೆ ಇರುವುದು ಒಂದೇ ಹಾಯಿ. ಅಲ್ಲಿ ಕಲಿತವರು ಮುಂದೆ ಕಾರವಾರ, ಗೋವೆ, ಮುಂಬಯಿಗಳಲ್ಲಾಗಲಿ, ಉದ್ಯೋಗನಿಮಿತ್ತ ನೆಲೆಸಿದ ಪರದೇಶದ ಕೊಲ್ಲಿಗಳಲ್ಲಾಗಲಿ, ಎಂಟು ಒಂಬತ್ತು ಮೀಟರ್ ಉದ್ದದ ಹಳೆಯ ದೋಣಿಯೊಂದನ್ನು ಕೊಂಡಾಗ, ಸುರುಳಿ ಸುತ್ತುವ ಮುಂದಣ ಹಾಯಿಯ ಮುಖವನ್ನು ಪ್ರಥಮ ಬಾರಿಗೆ ನೋಡುತ್ತಾರೆ. ಈ ಲೇಖನ ಮುಖ್ಯವಾಗಿ ಅಂಥವರಿಗಾಗಿ.

ಪೂರ್ವೇತಿಹಾಸವನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇನೆ. ಮಂಗಳೂರು, ಹೊನ್ನಾವರ, ಕುಮಟೆ, ಕಾರವಾರಗಳಿಂದ ಹಂಚು, ಅಕ್ಕಿ, ಸಾಂಬಾರ ಪದಾರ್ಥಗಳನ್ನು ಹೊತ್ತು ಪಡುವಣ ಕರಾವಳಿಯುದ್ದಕ್ಕೂ ಸಂಚರಿಸುತ್ತಿದ್ದ ಮಚ್ವೆ, ಪತ್ತೇಮಾರಿಗಳ ಓರೆಹಾಯಿ ಗಾಳಿ ಹೆಚ್ಚಿದಾಗ ಸುಲಭವಾಗಿ ಕಿರಿದಾಗುತ್ತಿರಲಿಲ್ಲ. ಹಾಯಿಯ ಅಡ್ಡಮರವನ್ನೇ ಇಳಿಸಿ ಸಣ್ಣ ಹಾಯಿಯನ್ನು ಕಟ್ಟಿ ಮತ್ತೆ ಏರಿಸಬೇಕಾಗಿತ್ತು, ಅದಕ್ಕೆ ಹತ್ತಾರು ಕೈಗಳು ಬೇಕಾಗಿದ್ದವು. ಐರೋಪ್ಯ ಮಾದರಿಯ ದೋಣಿಗಳಲ್ಲಿಯೂ ಕಳೆದ ಶತಮಾನದ ಮಧ್ಯಭಾಗದವರೆಗೆ ಮುಂದಣ ಹಾಯಿಯನ್ನು ಇಳಿಸಿ ಬೇರೊಂದನ್ನು ಏರಿಸುವುದೇ ರೂಢಿ. ಹಾಯಿಯನ್ನು ಪೂರ್ತಿಯಾಗಿ ಸುತ್ತಿಡುವ ಉರುಳೆಗಳು ಆ ಶತಮಾನದ ಆದಿಯಲ್ಲಿಯೇ ಬಂದಿದ್ದರೂ, ಅರ್ಧ ಸುತ್ತಿದ ಸ್ಥಿತಿಯಲ್ಲಿ ಗಾಳಿಯ ಭಾರವನ್ನು ತಡೆದು ನಿಲ್ಲಬಲ್ಲ ಸಾಧನಗಳು ಸಾಮಾನ್ಯ ದೋಣಿಗಳಿಗೆ ಬಂದದ್ದು ತೀರ ಈಚೆಗೆ. ಗೋವೆಯಲ್ಲಿ ನಿರ್ಮಿತವಾಗಿ 2017ರಲ್ಲಿ ನೌಕಾಪಡೆಯನ್ನು ಸೇರಿದ, 17 ಮೀಟರ್ ಉದ್ದದ ‘ತಾರಿಣಿ’ಯನ್ನು 2024ರ ಅಕ್ಟೋಬರಿನಿಂದ 2025ರ ಮೇ ತಿಂಗಳವರೆಗೆ ದಿಲ್ನಾ, ರೂಪಾ ಎಂಬ ಇಬ್ಬರೇ ಮಹಿಳಾ ಅಧಿಕಾರಿಗಳು ಭೂಮಂಡಲದ ಸುತ್ತ ನಡೆಸಿದರು. ಅಷ್ಟು ದೊಡ್ಡ ನೌಕೆಯ ಹಾಯಿಗಳು ನಾಲ್ಕು ಕೈಗಳಿಗೆ ವಶವಾಗಿರುವ ಕಾಲ ಇದು.

ಸಾಧನದ ಮರ್ಮ

ಹಗ್ಗವನ್ನು ಆರಿಸುವ ಮೊದಲು ಅದು ಯಾವ ಭಾರವನ್ನು ಹೊರುತ್ತದೆಂಬುದನ್ನು ತಿಳಿಯಬೇಕು. ಕೂವೆಮರದ ತುದಿಯಿಂದ ಮುಮ್ಮೊನೆಗೆ ಇಳಿದ ಮುಂದಣ ತಂತಿಯ ಮೇಲೆ ಅಲ್ಯುಮಿನಿಯಮ್ಮಿನ ಟೊಳ್ಳು ಪಟ್ಟಿಯೊಂದನ್ನು ತೊಡಿಸಿರುತ್ತಾರೆ. ಹಾಯಿಯ ಮುಂದಿನಂಚು ಆ ಪಟ್ಟಿಯ ಸೀಳಿನಲ್ಲಿ ಕುಳಿತಿರುತ್ತದೆ. ಪಟ್ಟಿಯ ಬುಡದಲ್ಲಿ ಒಂದು ಡ್ರಮ್, ನೆತ್ತಿಯಲ್ಲಿ ಹಾಯಿಯೊಡನೆ ತಿರುಗಬಲ್ಲ ಸ್ವಿವೆಲ್. ಹಾಯಿ ಪೂರ್ಣವಾಗಿ ಬಿಚ್ಚಿರುವಾಗ ಹಗ್ಗವೆಲ್ಲ ಡ್ರಮ್ಮಿನ ಮೇಲೆ ಸುತ್ತಿಕೊಂಡಿರುತ್ತದೆ. ಹಿಂದಿನಿಂದ ಹಗ್ಗವನ್ನೆಳೆದರೆ ಡ್ರಮ್ ತಿರುಗುತ್ತದೆ, ಅದರೊಡನೆ ಪಟ್ಟಿ ತಿರುಗುತ್ತದೆ, ಪಟ್ಟಿಗೆ ಹಾಯಿ ಸುತ್ತಿಕೊಳ್ಳುತ್ತದೆ. ಹಾಯಿಯ ಹಿಂಬದಿಯ ಮೂಲೆಯನ್ನು ಹಿಡಿದಿರುವ ಶೀಟ್ ಎಂಬ ಹಗ್ಗವನ್ನು ಎಳೆದರೆ ಇದೆಲ್ಲವೂ ವಿಲೋಮವಾಗಿ ನಡೆದು ಹಾಯಿ ಬಿಚ್ಚಿಕೊಳ್ಳುತ್ತದೆ.

ಹಾಯಿಯನ್ನು ಪೂರ್ತಿ ಸುತ್ತಿ ಮುಚ್ಚಿಡುವುದು ಒಂದು ಕಾರ್ಯ, ಭಾಗಶಃ ಸುತ್ತಿ ಉಳಿದುದರಲ್ಲಿ ಪ್ರಯಾಣ ಮಾಡುವುದು ಇನ್ನೊಂದು. ಮೊದಲನೆಯದರಲ್ಲಿ ಹಗ್ಗಕ್ಕೆ ಕ್ಷಣಕಾಲದ ಶ್ರಮ. ಎರಡನೆಯದರಲ್ಲಿ, ಹಾಯಿ ಬಿಚ್ಚಿಕೊಳ್ಳಲು ಹವಣಿಸುತ್ತಿರುವಷ್ಟು ಹೊತ್ತೂ, ಗಂಟೆಗಟ್ಟಲೆ, ಕೆಲವು ಯಾನಗಳಲ್ಲಿ ದಿನಗಟ್ಟಲೆ, ಅದನ್ನು ತಡೆದು ನಿಲ್ಲಿಸುವುದು ಇದೊಂದೇ ಹಗ್ಗ. ಹಗ್ಗ ಜಗ್ಗಿದರೆ ಹಾಯಿ ತುಸುತುಸುವೇ ಹಿಗ್ಗುತ್ತದೆ. ಜಾರಿದರೆ ಬೇಗ ಹಿಗ್ಗುತ್ತದೆ. ಹರಿದರೆ, ಕಿರಿದಾಗಿರಲೇಬೇಕಾದ ಹೊತ್ತಿನಲ್ಲಿ ಸಮಗ್ರ ಹಾಯಿ ಒಮ್ಮೆಲೇ ತೆರೆದುಕೊಂಡು ಕೂವೆಮರಕ್ಕೂ ಪ್ರಾಣಕ್ಕೂ ಸಂಚಕಾರ ತರುತ್ತದೆ. ಆದ್ದರಿಂದ ಸುಲಭವಾಗಿ ಎಳೆಯಲು ಬರುತ್ತದೆಯೆ ಎಂಬ ಒಂದೇ ಪ್ರಶ್ನೆಯಿಂದ ಈ ಹಗ್ಗದ ಯೋಗ್ಯತೆಯನ್ನು ಅಳೆಯಲಾಗದು. ಎಳೆದ ಮೇಲೆ ಕದಲದೆ ನಿಲ್ಲುವುದು ಅದರ ಮುಖ್ಯ ಧರ್ಮ.

ಭಾರವೆಷ್ಟು? ಗಾಳಿಯ ಒತ್ತಡ ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. 10 ನಾಟ್ ಇದ್ದುದು 20 ಆದರೆ ಒತ್ತಡ ಎರಡರಷ್ಟಲ್ಲ, ನಾಲ್ಕರಷ್ಟು. ದೋಣಿಯ ಸಲಕರಣೆ ಮಾಡುವವರು ಬಳಸುವ ಸ್ಥೂಲವಾದ ಲೆಕ್ಕವೊಂದಿದೆ: ಹಾಯಿಯ ವಿಸ್ತೀರ್ಣವನ್ನು ಚದರ ಮೀಟರುಗಳಲ್ಲಿಯೂ ಗಾಳಿಯ ವೇಗವನ್ನು ನಾಟುಗಳಲ್ಲಿಯೂ ತೆಗೆದುಕೊಂಡು, ವಿಸ್ತೀರ್ಣವನ್ನು ವೇಗದ ವರ್ಗದಿಂದ ಗುಣಿಸಿ, ಬಂದುದನ್ನು 0.021ರಿಂದ ಗುಣಿಸಿದರೆ ಶೀಟಿನ ಮೇಲಣ ಭಾರ ಕಿಲೋಗ್ರಾಮುಗಳಲ್ಲಿ ದೊರೆಯುತ್ತದೆ. ಸುತ್ತಿ ಉಳಿದ ಹಾಯಿ 12 ಚದರ ಮೀಟರ್, ಗಾಳಿ 25 ನಾಟ್ ಎಂದಿಟ್ಟುಕೊಂಡರೆ ಸುಮಾರು 160 ಕಿಲೋ. ಈ ಸೆಳೆತ ಹಾಯಿಯ ಸುರುಳಿಯ ಮೂಲಕ ಡ್ರಮ್ಮನ್ನು ತಿರುಗಿಸಲೆಳಸುವುದರಿಂದ, ಸುರುಳಿಯ ತ್ರಿಜ್ಯ ಹೆಚ್ಚಿದಷ್ಟೂ ಡ್ರಮ್ಮಿನ ಮೇಲಣ ಹಗ್ಗದ ಸುತ್ತಿನ ತ್ರಿಜ್ಯ ಕುಗ್ಗಿದಷ್ಟೂ ನಮ್ಮ ಹಗ್ಗದ ಪಾಲಿಗೆ ಬರುವ ಭಾರ ಏರುತ್ತದೆ. ದುರ್ದೈವವೆಂದರೆ ಹಾಯಿಯನ್ನು ಸುತ್ತುತ್ತ ಹೋದಂತೆ ಈ ಎರಡೂ ಒಟ್ಟಿಗೆ ಸಂಭವಿಸುತ್ತವೆ: ಸುರುಳಿ ದಪ್ಪವಾಗುತ್ತದೆ, ಹಗ್ಗ ಹೊರಟುಹೋಗಿ ಡ್ರಮ್ ಬಡವಾಗುತ್ತದೆ. ಕೊನೆಕೊನೆಗೆ ಎಳೆಯುವುದು ಕಷ್ಟವಾಗುವುದು ಯಂತ್ರದ ದೋಷವಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಯಾವ ಹಗ್ಗ?

ಒಳಗೆ ಹೆಣೆದ ತಿರುಳು, ಹೊರಗೆ ಹೆಣೆದ ಹೊದಿಕೆ ಇರುವ ಪಾಲಿಯೆಸ್ಟರ್ ಹಗ್ಗ ಬಹುಮಂದಿಗೆ ಸಾಕು, ಮತ್ತು ಅದೇ ಉತ್ತಮ. ಜಗ್ಗುವುದು ಕಡಿಮೆ, ಬಿಸಿಲನ್ನು ಸಹಿಸುತ್ತದೆ, ಉಜ್ಜುವಿಕೆಯನ್ನು ತಾಳುತ್ತದೆ, ಕೈಗೆ ಹಿತವಾಗಿರುತ್ತದೆ. ಮಲ್ಪೆ, ಮಂಗಳೂರು, ಕಾರವಾರಗಳ ಮೀನುಗಾರಿಕೆಯ ಅಂಗಡಿಗಳಲ್ಲಿ ರಾಶಿರಾಶಿಯಾಗಿ, ಅಗ್ಗವಾಗಿ ದೊರೆಯುವುದು ಪಾಲಿಪ್ರೊಪಿಲಿನ್ ಮತ್ತು ನೈಲಾನ್. ಅವು ತಮ್ಮ ತಮ್ಮ ಕೆಲಸಗಳಲ್ಲಿ ಶ್ರೇಷ್ಠವಾದರೂ ಈ ಕೆಲಸಕ್ಕೆ ಸಲ್ಲವು. ಪಾಲಿಪ್ರೊಪಿಲಿನ್ ನೀರಿನಲ್ಲಿ ತೇಲುತ್ತದೆಂಬ ಗುಣವುಳ್ಳದ್ದು, ಆದರೆ ನಮ್ಮ ಬಿಸಿಲಿಗೆ ಬೇಗ ಪುಡಿಯಾಗುತ್ತದೆ. ಲಂಗರಿಗೆ ನೈಲಾನು ಪ್ರಶಸ್ತವಾಗಿರುವುದು ಯಾವ ಕಾರಣದಿಂದಲೋ ಅದೇ ಕಾರಣದಿಂದ, ಎಂದರೆ ಧಾರಾಳವಾಗಿ ಜಗ್ಗುವುದರಿಂದ, ಇಲ್ಲಿ ನಿಷಿದ್ಧ: ಪ್ರತಿಯೊಂದು ಬೀಸಿಗೂ ಹಗ್ಗ ಹಿಗ್ಗಿ, ಹಾಯಿ ಗಾಳಿ ಹೆಚ್ಚಿದಾಗಲೇ ದೊಡ್ಡದಾಗುವ ವಿಪರೀತ ಉಂಟಾಗುತ್ತದೆ.

ಡೈನೀಮಾ ತಿರುಳಿನ ಹಗ್ಗಗಳ ವಿಷಯ ಬೇರೆ. ಅದೇ ದಪ್ಪದ ಪಾಲಿಯೆಸ್ಟರಿಗಿಂತ ಅವು ಬಹಳ ಬಲಿಷ್ಠ, ಜಗ್ಗುವುದು ಅತ್ಯಲ್ಪ, ಬೆಲೆಯೂ ಅದಕ್ಕೆ ತಕ್ಕಂತೆ. ಆದರೆ ಆ ನೂಲು ನುಣುಪು. 150 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿಯೇ ಕರಗುವುದರಿಂದ ಜಾರುವ ಹಗ್ಗದ ಘರ್ಷಣೆಯ ಶಾಖವನ್ನೂ ಅದು ಸಹಿಸದು. ದೊಡ್ಡ ದೋಣಿಯವರಿಗೆ, ಅಥವಾ ಡ್ರಮ್ ಚಿಕ್ಕದಾಗಿ ಹಗ್ಗ ಹಿಡಿಸದವರಿಗೆ, ಇದರಿಂದ ಒಂದು ಉಪಕಾರವುಂಟು: ಡ್ರಮ್ಮಿನ ಮೇಲೆ ಸುತ್ತುವ ಭಾಗದಲ್ಲಿ ಮಾತ್ರ ಹೊದಿಕೆಯನ್ನು ಸುಲಿದು ತಿರುಳನ್ನಷ್ಟೇ ಉಳಿಸಿ, ಕೈ ಹಿಡಿಯುವ ಹಾಗೂ ಕ್ಲೀಟ್ ಕಚ್ಚುವ ಭಾಗದಲ್ಲಿ ಹೊದಿಕೆಯನ್ನು ಇಟ್ಟುಕೊಳ್ಳಬಹುದು. ಹೊದಿಕೆಯ ಕೊನೆಯನ್ನು ಕ್ರಮೇಣ ತೆಳುವಾಗಿಸಿ ತಿರುಳಿನೊಳಗೆ ಹುದುಗಿಸಿ ಹೊಲಿಯತಕ್ಕದ್ದು. ಇಲ್ಲವಾದರೆ ಆ ಅಂಚೇ ಮೊದಲನೆಯ ರಾಟೆಯಲ್ಲಿ ಸಿಕ್ಕಿಕೊಳ್ಳುತ್ತದೆ.

ದಪ್ಪದ ವಿಚಾರದಲ್ಲಿ ಎರಡು ಬೇಡಿಕೆಗಳು ಪರಸ್ಪರ ವಿರುದ್ಧವಾಗಿವೆ. 8 ಮಿಲಿಮೀಟರಿನ ಒಳ್ಳೆಯ ಪಾಲಿಯೆಸ್ಟರ್ ಹಗ್ಗ ಒಂದು ಟನ್ನಿಗೂ ಮಿಕ್ಕಿದ ಭಾರಕ್ಕೆ ಹರಿಯುವಂಥದು. ಮೇಲಣ ಲೆಕ್ಕದ ಭಾರಕ್ಕೆ ಅದು ಯಥೇಷ್ಟ. ಬಲದ ದೃಷ್ಟಿಯಿಂದ 6 ಮಿಲಿಮೀಟರೂ ಸಾಲಬಹುದೇನೋ, ಆದರೆ ಒದ್ದೆಯಾದ 6 ಮಿಲಿಮೀಟರಿನ ಹಗ್ಗವನ್ನು ಭಾರದ ಮೇಲೆ ಬರಿಗೈಯಲ್ಲಿ ಎಳೆದವರು ಆ ಮಾತನ್ನು ಎರಡನೆಯ ಸಲ ಆಡುವುದಿಲ್ಲ. ಅಂಗೈ ದಪ್ಪವನ್ನು ಬೇಡುತ್ತದೆ, ಡ್ರಮ್ ತೆಳುವನ್ನು ಬೇಡುತ್ತದೆ. ಡ್ರಮ್ಮಿನಲ್ಲಿ ಹಗ್ಗ ಆಕ್ರಮಿಸುವ ಸ್ಥಳವು ದಪ್ಪದ ವರ್ಗಕ್ಕೆ ಅನುಸಾರವಾದುದರಿಂದ, 8ರ ಬದಲು 6 ಸುತ್ತಿದರೆ ಅರ್ಧಕ್ಕಿಂತ ತುಸು ಮಿಗಿಲಾದ ಜಾಗದಲ್ಲಿಯೇ ಅಷ್ಟೇ ಉದ್ದ ಅಡಗುತ್ತದೆ. ಒಂಬತ್ತು ಹತ್ತು ಮೀಟರಿನವರೆಗಿನ ದೋಣಿಗಳಿಗೆ ನನ್ನ ಒಲವು 8 ಮಿಲಿಮೀಟರಿಗೆ. ಅದಕ್ಕಿಂತ ದೊಡ್ಡವಕ್ಕೆ 10, ಡ್ರಮ್ ಒಪ್ಪಿದರೆ. ಸಾಧನವನ್ನು ತಯಾರಿಸಿದವರ ಕೈಪಿಡಿಯಲ್ಲಿ ಗರಿಷ್ಠ ದಪ್ಪವನ್ನು ನಮೂದಿಸಿರುತ್ತಾರೆ, ಅದನ್ನು ಮೀರಬಾರದು.

ಉದ್ದವನ್ನು ಊಹಿಸದೆ ಲೆಕ್ಕ ಹಾಕಬೇಕು. ಹಾಯಿಯ ಕೆಳಗಿನಂಚು 5 ಮೀಟರ್, ಸುರುಳಿಯ ಸರಾಸರಿ ಸುತ್ತಳತೆ 20 ಸೆಂಟಿಮೀಟರ್ ಎಂದುಕೊಂಡರೆ ಹಾಯಿಯನ್ನು ಸುತ್ತಲು 25 ತಿರುವುಗಳು ಬೇಕು. ಸುತ್ತಿದ ಮೇಲೆ ಶೀಟುಗಳನ್ನು ಮೂರು ಸುತ್ತು ಬಿಗಿದುಕೊಳ್ಳಲು 3, ಆಗಲೂ ಡ್ರಮ್ಮಿನ ಮೇಲೆ ಉಳಿದಿರಬೇಕಾದುದು 4, ಒಟ್ಟು 32. ಡ್ರಮ್ಮಿನ ಮೇಲಣ ಹಗ್ಗದ ಸರಾಸರಿ ಸುತ್ತಳತೆ 30 ಸೆಂಟಿಮೀಟರಾದರೆ ಇದಕ್ಕೆ 9.6 ಮೀಟರ್. ಮುಮ್ಮೊನೆಯಿಂದ ಕಾಕ್‌ಪಿಟ್ಟಿನವರೆಗೆ ರಾಟೆಗಳ ಮೂಲಕ ಹಾಯುವ ದಾರಿ 8 ಮೀಟರ್, ಹಿಡಿಯಲು ಕಟ್ಟಲು 2. ಹೀಗೆ 9 ಮೀಟರಿನ ದೋಣಿಗೆ 20 ಮೀಟರಿಗೆ ಕಡಿಮೆಯಿಲ್ಲದ ಹಗ್ಗ ಬೇಕಾಗುತ್ತದೆ. ದೋಣಿಯ ಉದ್ದದ ಎರಡರಷ್ಟಕ್ಕಿಂತ ತುಸು ಹೆಚ್ಚು ಎಂದು ನೆನಪಿಟ್ಟುಕೊಂಡರೆ ಅಂಗಡಿಯಲ್ಲಿ ಪರದಾಡಬೇಕಾಗದು. ಸಂಶಯವಿದ್ದವರು ತೆಳುವಾದ ದಾರವೊಂದನ್ನು ಹಗ್ಗದ ದಾರಿಯಲ್ಲಿಯೇ ಹಾಯಿಸಿ ಅಳೆಯಲಿ.

ಜೋಡಿಸುವ ಕ್ರಮ

ಗಾಳಿಯಿಲ್ಲದ ಮುಂಜಾವಿನಲ್ಲಿ, ದೋಣಿಯನ್ನು ಕಟ್ಟಿಹಾಕಿ, ಹಾಯಿಯನ್ನು ಏರಿಸುವ ಮೊದಲೇ ಈ ಕೆಲಸವನ್ನು ಪ್ರಾರಂಭಿಸಬೇಕು.

1. ಹಾಯಿಯನ್ನು ನೆಲದ ಮೇಲೆ ಹರಡಿ, ಬಿಸಿಲಿನಿಂದ ರಕ್ಷಿಸುವ ಬಣ್ಣದ ಪಟ್ಟಿಯನ್ನು ಅದರ ಯಾವ ಮುಖಕ್ಕೆ ಹೊಲಿದಿದ್ದಾರೆಂದು ನೋಡಿ. ಸುತ್ತಿದಾಗ ಆ ಪಟ್ಟಿ ಹೊರಗೆ ಬರತಕ್ಕದ್ದು. ಪಟ್ಟಿ ಹಾಯಿಯ ಎಡಮುಖದಲ್ಲಿದ್ದರೆ ಹಗ್ಗ ಡ್ರಮ್ಮಿನ ಬಲಬದಿಯಿಂದಲೂ, ಬಲಮುಖದಲ್ಲಿದ್ದರೆ ಎಡಬದಿಯಿಂದಲೂ ಹೊರಡಬೇಕು. ಎಡ ಬಲಗಳನ್ನು ದೋಣಿಯಲ್ಲಿ ಮುಂದಕ್ಕೆ ಮುಖಮಾಡಿ ನಿಂತು ಎಣಿಸಿ. ಇದನ್ನು ಮೊದಲೇ ನಿರ್ಣಯಿಸದವರು ಎಲ್ಲವನ್ನೂ ಜೋಡಿಸಿ ಹಾಯಿಯನ್ನೇರಿಸಿದ ಬಳಿಕ ಪಟ್ಟಿ ಒಳಗೆ ಅಡಗಿದುದನ್ನು ಕಂಡು ಮೊದಲಿನಿಂದ ಆರಂಭಿಸುವುದುಂಟು.

2. ಡ್ರಮ್ಮಿಗೆ ಅತ್ಯಂತ ಸಮೀಪದ ರಾಟೆಯ ಸ್ಥಾನ ಸಮಗ್ರ ವ್ಯವಸ್ಥೆಯ ಪ್ರಾಣ. ಅಲ್ಲಿಂದ ಡ್ರಮ್ಮಿಗೆ ಹೋಗುವ ಹಗ್ಗ ಮುಂದಣ ತಂತಿಗೆ ಲಂಬವಾಗಿ, ಡ್ರಮ್ಮಿನ ಬಾಯಿಯ ನಡುಮಟ್ಟದಲ್ಲಿ ಪ್ರವೇಶಿಸಬೇಕು. ತಂತಿ ನೆಟ್ಟಗಿರದೆ ಹಿಂದಕ್ಕೆ ವಾಲಿರುವುದರಿಂದ ಈ ಲಂಬ ದಿಕ್ಕು ನೆಲಮಟ್ಟಕ್ಕೆ ಸಮಾನಾಂತರವಲ್ಲ, ಹಿಂದೆ ಹೋದಂತೆ ತುಸು ಕೆಳಗಿಳಿಯುತ್ತದೆಂಬುದನ್ನು ಕಣ್ಣಂದಾಜಿನಲ್ಲಿ ಮರೆಯಬೇಡಿ. ಹಗ್ಗ ಕೆಳಗಿನಿಂದ ಬಂದರೆ ಡ್ರಮ್ಮಿನ ಕೆಳ ಅಂಚಿನಲ್ಲಿಯೂ ಮೇಲಿನಿಂದ ಬಂದರೆ ಮೇಲಂಚಿನಲ್ಲಿಯೂ ಗುಡ್ಡೆಗೂಡಿ, ಗುಡ್ಡೆ ಕುಸಿದಾಗ ಒಂದು ಸುತ್ತು ಇನ್ನೊಂದರ ಅಡಿಯಲ್ಲಿ ಹೂತುಹೋಗುತ್ತದೆ. ಆರಂಭದಲ್ಲಿ ಹೇಳಿದ ಕಚ್ಚಿಕೊಳ್ಳುವಿಕೆಯ ಅತಿಸಾಮಾನ್ಯವಾದ ಮೂಲ ಇದು. ಡ್ರಮ್ಮಿಗೂ ಈ ರಾಟೆಗೂ ನಡುವೆ ಒಂದು ಗೇಣಿಗಿಂತ ಹೆಚ್ಚಾದ ಅಂತರವಿರಲಿ. ಆಗ ಹಗ್ಗ ತಾನಾಗಿಯೇ ಮೇಲಕ್ಕೂ ಕೆಳಕ್ಕೂ ಸರಿದು ಸಮನಾಗಿ ಸುತ್ತಿಕೊಳ್ಳುತ್ತದೆ.

3. ಅಲ್ಲಿಂದ ಹಿಂದಕ್ಕೆ, ದೋಣಿಯಂಚಿನ ಕಂಬಗಳ ಬುಡಕ್ಕೆ ಬಿಗಿದ ಸಣ್ಣ ರಾಟೆಗಳ ಮೂಲಕ, ಆದಷ್ಟೂ ನೇರವಾದ ದಾರಿಯಲ್ಲಿ ಹಗ್ಗವನ್ನು ತನ್ನಿ. ತಿರುಗುವ ಚಕ್ರವಿಲ್ಲದ ಬರಿಯ ಬಳೆಗಳನ್ನು ಬಳಸಿದರೆ ಪ್ರತಿಯೊಂದರಲ್ಲಿಯೂ ಘರ್ಷಣೆ ಕೂಡುತ್ತ ಹೋಗಿ, ಕಾಕ್‌ಪಿಟ್ಟಿನಲ್ಲಿ ಎಳೆಯುವ ಶ್ರಮದ ಬಹುಭಾಗ ದಾರಿಯಲ್ಲಿಯೇ ವ್ಯಯವಾಗುತ್ತದೆ.

4. ಕೊನೆಯ ರಾಟೆ ರ‍್ಯಾಚೆಟ್ ಜಾತಿಯದಾಗಿರಲಿ. ಹಗ್ಗವನ್ನು ಹಿಂದಕ್ಕೆಳೆಯುವಾಗ ಅದು ಸ್ವತಂತ್ರವಾಗಿ ತಿರುಗಿ, ಹಗ್ಗ ಮುಂದಕ್ಕೋಡುವಾಗ ತುಸು ತಡೆಯುವಂತೆ ಅದರ ದಿಕ್ಕನ್ನಿಡಬೇಕು. ತಿರುಗುಮುರುಗಾಗಿ ಕಟ್ಟಿದರೆ ಉಪಕಾರದ ಬದಲು ಅಪಕಾರವಾಗುತ್ತದೆ.

5. ರಾಟೆಯ ಹಿಂದೆ ಭದ್ರವಾದ ಕ್ಲೀಟೊಂದು ಅವಶ್ಯ. ಹಲ್ಲುಗಳಿಂದ ಕಚ್ಚುವ ಚಿಕ್ಕ ಕ್ಲೀಟುಗಳು ಎಳೆಯುವಾಗ ಅನುಕೂಲ, ಆದರೆ ಒಂದು ಒದೆತಕ್ಕೋ ಹಾರಿಬಿದ್ದ ಹಗ್ಗದ ಸೆಳೆತಕ್ಕೋ ಅವು ಬಿಟ್ಟುಕೊಟ್ಟಾವು. ಎರಡು ಕೊಂಬುಗಳ ಹಳೆಯ ಮಾದರಿಯ ಕ್ಲೀಟಿಗೆ ಎಂಟರಾಕಾರದಲ್ಲಿ ಸುತ್ತಿದ ಹಗ್ಗ ಮಾತ್ರ ರಾತ್ರಿಯೆಲ್ಲ ವಿಶ್ವಾಸಾರ್ಹ.

6. ಈಗ ಹಗ್ಗದ ತುದಿಯನ್ನು ಡ್ರಮ್ಮಿನ ಕಂಡಿಯಲ್ಲಿ ತೂರಿಸಿ, ಎಂಟರ ಗಂಟು ಹಾಕಿ, ಗಂಟು ತಿರುಗುವ ಭಾಗಗಳಿಗೆ ತಾಗದಂತೆ ಎಳೆದು ಕೂರಿಸಿ. ಒಬ್ಬರು ಹಿಂದಿನಿಂದ ಹಗ್ಗವನ್ನು ಹಗುರವಾಗಿ ಬಿಗಿಹಿಡಿದಿರಲಿ, ಇನ್ನೊಬ್ಬರು ಪಟ್ಟಿಯನ್ನು ಕೈಯಿಂದ ತಿರುಗಿಸುತ್ತ, ಲೆಕ್ಕ ಹಾಕಿದಷ್ಟು ತಿರುವುಗಳನ್ನು ಡ್ರಮ್ಮಿನ ಮೇಲೆ ಸುತ್ತಲಿ. ತುಂಬಿದ ಡ್ರಮ್ಮಿನಲ್ಲಿ ಹಗ್ಗಕ್ಕೂ ಹೊರಗಿನ ಪಂಜರಕ್ಕೂ ನಡುವೆ ಬೆರಳು ತೂರುವಷ್ಟು ಬಯಲು ಉಳಿದಿರಬೇಕು.

7. ಹಾಯಿಯನ್ನೇರಿಸಿ. ಏರಿಸುವ ಹಗ್ಗ, ಎಂದರೆ ಹಾಲ್ಯರ್ಡ್, ನೆತ್ತಿಯ ಸ್ವಿವೆಲ್ಲಿನಿಂದ ಹೊರಟು ಮುಂದಣ ತಂತಿಗೆ ಸಮಾನಾಂತರವಾಗಿ ಹೋಗದೆ, ಸುಮಾರು 7ರಿಂದ 10 ಡಿಗ್ರಿಗಳಷ್ಟು ಹಿಂದಕ್ಕೆ ಓರೆಯಾಗಿ ಕೂವೆಮರವನ್ನು ಸೇರಬೇಕು. ಕೆಳಗಿನ ಹಗ್ಗದ ಕುರಿತ ಲೇಖನದಲ್ಲಿ ನೆತ್ತಿಯ ಮಾತೇಕೆಂದರೆ, ಕೆಳಗೆ ಕಾಣುವ ರೋಗದ ಮೂಲ ಮೇಲಿರುವುದುಂಟು: ಆ ಕೋನವಿಲ್ಲದಿದ್ದರೆ ಪಟ್ಟಿ ತಿರುಗಿದಂತೆ ಹಾಲ್ಯರ್ಡೂ ಅದಕ್ಕೇ ಸುತ್ತಿಕೊಂಡು ಇಡೀ ಸಾಧನ ಬಿಗಿದು ನಿಲ್ಲುತ್ತದೆ. ಹಾಯಿ ಗಿಡ್ಡವಾಗಿ ಸ್ವಿವೆಲ್ ತೀರ ಕೆಳಗೆ ನಿಂತರೆ ಹಾಯಿಯ ನೆತ್ತಿಗೂ ಅದಕ್ಕೂ ನಡುವೆ ತಂತಿಯ ತುಂಡೊಂದನ್ನು ಕೂಡಿಸಿ ಅದನ್ನು ಮೇಲಕ್ಕೊಯ್ಯಿರಿ.

8. ಹಾಯಿಯನ್ನು ಒಮ್ಮೆ ಪೂರ್ತಿಯಾಗಿ ಸುತ್ತಿ ನೋಡಿ. ಶೀಟುಗಳು ಮೂರು ಸುತ್ತು ಬಂದ ಮೇಲೂ ಡ್ರಮ್ಮಿನಲ್ಲಿ ಮೂರು ನಾಲ್ಕು ಸುತ್ತು ಹಗ್ಗ ಉಳಿದಿದ್ದರೆ ಲೆಕ್ಕ ಸರಿ. ಉಳಿಯದಿದ್ದರೆ ಭಾರವೆಲ್ಲ ತುದಿಯ ಗಂಟಿನ ಮೇಲೆ ಬೀಳುತ್ತದೆ. ಗಂಟು ಹಗ್ಗದ ಅತಿ ದುರ್ಬಲವಾದ ಭಾಗ.

9. ಹಾಯಿ ಮೊದಲನೆಯ ಹಾಗೂ ಎರಡನೆಯ ಮಟ್ಟಕ್ಕೆ ಕಿರಿದಾದಾಗ ಕ್ಲೀಟಿನ ಬಳಿ ಹಗ್ಗ ಎಲ್ಲಿರುತ್ತದೆಯೋ ಅಲ್ಲಿ ಬಣ್ಣದ ನೂಲಿನಿಂದ ಹೊಲಿದು ಗುರುತು ಮಾಡಿ. ಕತ್ತಲೆಯಲ್ಲಿಯೂ ಬೆರಳಿಗೆ ತಿಳಿಯುವಂತೆ ಒಂದಕ್ಕೆ ಒಂದು ಹೊಲಿಗೆ, ಇನ್ನೊಂದಕ್ಕೆ ಎರಡು. ಶೀಟ್ ಹಾಯುವ ರಾಟೆಯನ್ನು ಪ್ರತಿ ಮಟ್ಟಕ್ಕೂ ಎಷ್ಟು ಮುಂದಕ್ಕೆ ಸರಿಸಬೇಕೆಂಬುದನ್ನೂ ಅದರ ಹಳಿಯ ಮೇಲೆ ಗುರುತಿಸಿಕೊಳ್ಳಿ. ಹಾಯಿ ಕಿರಿದಾದಂತೆ ಅದರ ಹಿಂಬದಿಯ ಮೂಲೆ ಮುಂದಕ್ಕೂ ಮೇಲಕ್ಕೂ ಹೋಗುವುದರಿಂದ, ರಾಟೆಯನ್ನು ಸರಿಸದಿದ್ದರೆ ಹಾಯಿಯ ಮೇಲ್ಭಾಗ ಸಡಿಲವಾಗಿ ಪಟಪಟನೆ ಹೊಡೆದುಕೊಳ್ಳುತ್ತದೆ.

ಬಳಸುವ ಕೈ

ಹಾಯಿಯನ್ನು ಬಿಚ್ಚುವಾಗಲೇ ಅದನ್ನು ಮತ್ತೆ ಸುತ್ತುವ ಕಾರ್ಯ ಅರ್ಧ ಮುಗಿದಿರುತ್ತದೆ, ಇಲ್ಲವೆ ಕೆಟ್ಟಿರುತ್ತದೆ. ಬಿಚ್ಚುವಾಗ ಹಗ್ಗವನ್ನು ಸ್ವೇಚ್ಛೆಯಾಗಿ ಓಡಲು ಬಿಟ್ಟರೆ ಅದು ಡ್ರಮ್ಮಿನ ಮೇಲೆ ಸಡಿಲವಾಗಿ, ಅಡ್ಡಾದಿಡ್ಡಿಯಾಗಿ ಸುತ್ತಿಕೊಳ್ಳುತ್ತದೆ. ಮುಂದೆ ಭಾರ ಬಿದ್ದಾಗ ಮೇಲಿನ ಸುತ್ತು ಕೆಳಗಿನ ಸಡಿಲ ಸುತ್ತುಗಳ ನಡುವೆ ಇಳಿದು ಕಚ್ಚುತ್ತದೆ. ಸೊರಬ ಸಾಗರಗಳ ಅಡಕೆ ತೋಟಗಳಲ್ಲಿ ಕೊನೆಗಾರನು ಮರದ ನೆತ್ತಿಯಿಂದ ಜಾರಿಬಿಟ್ಟ ಕೊನೆಯನ್ನು ಬರಮಾಡಿಕೊಳ್ಳಲು ಕೆಳಗೆ ಹಗ್ಗದ ತುದಿ ಹಿಡಿದು ನಿಂತವನನ್ನು ನೋಡಿದವರಿಗೆ ಇಲ್ಲಿ ಬೇಕಾದ ಹದ ತಿಳಿದೇ ಇರುತ್ತದೆ: ಅವನು ಹಗ್ಗವನ್ನು ಸೆಟೆದು ನಿಲ್ಲುವುದಿಲ್ಲ, ಸಡಿಲವಾಗಿಯೂ ಬಿಡುವುದಿಲ್ಲ. ಹಗ್ಗವನ್ನು ಕ್ಲೀಟಿನ ಕೊಂಬಿಗೆ ಅರ್ಧ ಸುತ್ತು ಹಾಕಿ, ಆ ಹದದಲ್ಲಿ ಬಿಡುತ್ತ ಹೋಗಿ. ಅಂಗೈಗೆ ಎಂದೂ ಸುತ್ತಿಕೊಳ್ಳಬೇಡಿ.

ಸುತ್ತುವಾಗ ಶೀಟನ್ನು ಸಡಿಲಿಸಿ, ಆದರೆ ಪೂರ್ತಿಯಾಗಿ ಬಿಡದೆ ತುಸು ಬಿಗಿಯನ್ನು ಉಳಿಸಿಕೊಳ್ಳಿ. ಆ ಬಿಗಿಯಿಂದಲೇ ಸುರುಳಿ ಗಟ್ಟಿಯಾಗಿ ಕೂರುತ್ತದೆ. ಗಾಳಿ ಬಲವಾಗಿದ್ದರೆ ದೋಣಿಯನ್ನು ಗಾಳಿಯ ದಿಕ್ಕಿಗೇ ಓಡಿಸಿ, ದೊಡ್ಡ ಹಾಯಿಯ ಮರೆಯಲ್ಲಿ ಮುಂದಣ ಹಾಯಿಯನ್ನು ಸುತ್ತುವುದು ಅತಿ ಸುಲಭವಾದ ಉಪಾಯ. ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗಿ ಸುತ್ತಿದ ಹಾಯಿ ತನ್ನ ಆಕಾರವನ್ನು ಕಳೆದುಕೊಂಡು ಚೀಲದಂತಾಗುತ್ತದೆ. ಅದರಾಚೆಗೆ ಬೇರೆ ಸಣ್ಣ ಹಾಯಿಯೇ ಯೋಗ್ಯ.

ಸಾಮಾನ್ಯವಾಗಿ ಆಗುವ ತಪ್ಪುಗಳು

ವಿಂಚಿಗೆ ಸುತ್ತಿ ಎಳೆಯುವುದು ಇವುಗಳಲ್ಲಿ ಅಗ್ರಗಣ್ಯ. ಕೈಯಿಂದ ಬಾರದ ಹಗ್ಗ ವಿಂಚಿನಿಂದ ಬಂದರೆ ಎಲ್ಲೋ ಏನೋ ತಿರುಚಿಕೊಂಡಿತೆಂದೇ ಅರ್ಥ. ವಿಂಚಿನ ಯಾಂತ್ರಿಕ ಬಲಕ್ಕೆ ಕೈಯ ಸ್ಪರ್ಶಜ್ಞಾನವಿಲ್ಲ. ನೆತ್ತಿಯಲ್ಲಿ ಹಾಲ್ಯರ್ಡ್ ಸುತ್ತಿಕೊಂಡಿರುವಾಗ ಅದು ಅಲ್ಯುಮಿನಿಯಮ್ಮಿನ ಪಟ್ಟಿಯನ್ನು ತಿರುಚಿಬಿಡಬಲ್ಲದು. ಹಗ್ಗ ನಿಂತಲ್ಲಿ ನೀವೂ ನಿಂತು, ಶೀಟ್ ಎಲ್ಲಾದರೂ ಸಿಕ್ಕಿಕೊಂಡಿದೆಯೆ, ಡ್ರಮ್ಮಿನಲ್ಲಿ ಸುತ್ತು ಹೂತಿದೆಯೆ, ನೆತ್ತಿಯಲ್ಲಿ ಹಾಲ್ಯರ್ಡ್ ಸರಿಯಾಗಿದೆಯೆ ಎಂದು ಈ ಕ್ರಮದಲ್ಲಿಯೇ ಪರೀಕ್ಷಿಸಿ. ಮೊದಲನೆಯದನ್ನು ಕುಳಿತಲ್ಲಿಂದಲೇ ನೋಡಬಹುದು, ಮೂರನೆಯದಕ್ಕೆ ದುರ್ಬೀನು ಸಾಕು.

ಹಗ್ಗವನ್ನು ಅತಿ ದಪ್ಪವಾಗಿ ಕೊಂಡು ಡ್ರಮ್ಮನ್ನು ಕಂಠಪೂರ್ತಿ ತುಂಬಿಸುವುದು ಎರಡನೆಯದು. ಹಾಯಿ ಪೂರ್ತಿ ಬಿಚ್ಚುವ ಮೊದಲೇ ಹಗ್ಗ ಪಂಜರಕ್ಕೆ ಉಜ್ಜತೊಡಗುತ್ತದೆ; ಹೀಗೆ ಸವೆದ ಹೊದಿಕೆಯನ್ನು ನೋಡಿ ಹಗ್ಗದ ಗುಣಮಟ್ಟವನ್ನು ದೂಷಿಸುವವರು ಹಲವರು. ಹಗ್ಗ ಗಿಡ್ಡವಾದರೆ ತುಂಡೊಂದನ್ನು ಗಂಟು ಹಾಕಿ ಉದ್ದಮಾಡುವವರೂ ಇದ್ದಾರೆ. ಆ ಗಂಟು ರಾಟೆಯಲ್ಲಿ ಹಾಯದು.

ಇನ್ನು ತುದಿಯಿಲ್ಲದ ಬಳೆಹಗ್ಗದ ಸಾಧನಗಳನ್ನು ನೋಡಿ ಅವೇ ಸರಳವೆಂದು ಆಕರ್ಷಿತರಾಗುವವರಿಗೆ ಒಂದು ಮಾತು: ಹಗುರ ಗಾಳಿಯ ದೊಡ್ಡ ಹಾಯಿಗಳನ್ನು ಪೂರ್ತಿ ಸುತ್ತಿಡುವುದಕ್ಕೆ ಅವು ಉತ್ತಮ, ಅರ್ಧ ಸುತ್ತಿ ಭಾರ ಹೊರಿಸುವುದಕ್ಕೆ ಸಾಮಾನ್ಯವಾಗಿ ಸಲ್ಲವು.

ಪಾಲನೆ ಮತ್ತು ಎಚ್ಚರಿಕೆ

ಹಗ್ಗ ಸವೆಯುವುದು ಎಲ್ಲೆಡೆಯೂ ಅಲ್ಲ. ಡ್ರಮ್ಮಿನ ಪಂಜರದ ಬಾಯಿಯಲ್ಲಿ, ಮೊದಲನೆಯ ರಾಟೆಯಲ್ಲಿ, ಕ್ಲೀಟ್ ಕಚ್ಚುವ ಸ್ಥಳದಲ್ಲಿ. ನೀವು ಯಾವಾಗಲೂ ಒಂದೇ ಮಟ್ಟಕ್ಕೆ ಹಾಯಿಯನ್ನು ಕಿರಿದುಗೊಳಿಸುವವರಾದರೆ ಈ ಮೂರು ಸ್ಥಳಗಳೂ ಹಗ್ಗದ ಮೇಲೆ ನಿಶ್ಚಿತವಾಗಿ ಗೊತ್ತಾಗಿರುತ್ತವೆ. ಅಲ್ಲಿ ಹೊದಿಕೆ ರೋಮಾಂಚಿತವಾದಂತೆ ಎದ್ದಿದ್ದರೆ ಎಚ್ಚರ, ತಿರುಳು ಕಂಡರೆ ವಿಸರ್ಜನೆ. ವರ್ಷಕ್ಕೊಮ್ಮೆ ಸಿಹಿನೀರಿನಲ್ಲಿ ನೆನೆಸಿ ಉಪ್ಪನ್ನು ತೆಗೆದು, ತುದಿಗಳನ್ನು ಅದಲುಬದಲು ಮಾಡಿ ಕಟ್ಟಿದರೆ ಸವೆತ ಹೊಸ ಸ್ಥಳಗಳಿಗೆ ಹಂಚಿಹೋಗಿ ಆಯುಷ್ಯ ವೃದ್ಧಿಸುತ್ತದೆ. ಹೊದಿಕೆ ಸುಲಿದ ಹಗ್ಗಕ್ಕೆ ಈ ಅದಲುಬದಲು ಅನ್ವಯಿಸದು.

ನಮ್ಮ ಪಡುಗಡಲಿನಲ್ಲಿ ಮಳೆಗಾಲದ ಆರಂಭಕ್ಕೆ ಮುನ್ನ ಚಂಡಮಾರುತಗಳು ಏಳುವುದುಂಟು. 2021ರ ಮೇ ತಿಂಗಳಲ್ಲಿ ತೌಕ್ತೆ ಕರ್ನಾಟಕದ ಕರಾವಳಿಯನ್ನು ಬಡಿದುಕೊಂಡೇ ಉತ್ತರಕ್ಕೆ ಸಾಗಿತು. ಸುತ್ತಿಟ್ಟ ಹಾಯಿಯನ್ನು ಹಗ್ಗವೊಂದರ ಭರವಸೆಯ ಮೇಲೆ ಬಿಟ್ಟು ಮನೆಗೆ ಹೋಗುವುದು ಅಂಥ ಕಾಲದಲ್ಲಿ ಅವಿವೇಕ. ಗಾಳಿ ಸುರುಳಿಯ ಮೇಲ್ಭಾಗದಲ್ಲಿ ಒಂದು ಮಡಿಕೆಯನ್ನು ಹೊಕ್ಕರೆ ಸಾಕು, ಕೆಳಗಿನ ಹಗ್ಗ ಎಷ್ಟೇ ಬಿಗಿಯಾಗಿದ್ದರೂ ಮೇಲಿಂದ ಹಾಯಿ ಹರಿಯುತ್ತ ಬಿಚ್ಚಿಕೊಂಡು, ದೋಣಿಯನ್ನು ಕಟ್ಟಿದ ಸ್ಥಳದಿಂದಲೇ ಕಿತ್ತೊಯ್ಯಬಲ್ಲದು. ಕೆಲವು ದಿನಗಳ ಮಟ್ಟಿಗೆ ದೋಣಿಯನ್ನು ಬಿಟ್ಟುಹೋಗುವವರು ಡ್ರಮ್ಮನ್ನು ತಿರುಗದಂತೆ ಬೇರೆ ಹಗ್ಗದಿಂದ ಬಂಧಿಸಿ, ಕೈಗೆ ಎಟುಕುವಷ್ಟು ಎತ್ತರದವರೆಗೆ ಸುರುಳಿಯ ಸುತ್ತಲೂ ಪಟ್ಟಿಯನ್ನು ಬಿಗಿಯಲಿ. ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ತೀರದಲ್ಲಿ ಯಾಂತ್ರಿಕ ಮೀನುಗಾರಿಕೆ ನಿಷಿದ್ಧವಾಗಿರುವ ಆ 61 ದಿನಗಳಲ್ಲಿ ಹಾಯಿದೋಣಿಗೂ ಕಡಲಿನಲ್ಲಿ ಕೆಲಸವಿಲ್ಲ. ಹಾಯಿಯನ್ನು ಇಳಿಸಿ, ಒಣಗಿಸಿ, ಮಡಿಸಿ ದಡದ ಮನೆಯಲ್ಲಿಡಿ. ಹಗ್ಗವನ್ನೂ ಬಿಚ್ಚಿಕೊಳ್ಳಿ. ಬಿಚ್ಚುವ ಮೊದಲು ಅದರ ತುದಿಗೆ ತೆಳುವಾದ ದಾರವೊಂದನ್ನು ಕಟ್ಟಿ ರಾಟೆಗಳ ದಾರಿಯಲ್ಲಿಯೇ ಹಾಯಿಸಿ ಬಿಟ್ಟರೆ, ಆಗಸ್ಟಿನಲ್ಲಿ ಮತ್ತೆ ಜೋಡಿಸುವಾಗ ಒಂದು ಗಳಿಗೆಯ ಕೆಲಸ.